ಪುಣೆಯವನ ತೂಗುಮಂಚ

‘ಹಳೇ ಸಾಮಾನೇ? ಆನ್‌ಲೈನ್‌ನಲ್ಲಿ ಹಾಕಿಬಿಡಿ, ಕೂತಲ್ಲೇ ಮಾರಾಟ’ ಎಂದು ಯಾರಾದರೂ ಅಂದರೆ ನನಗೆ ಈಗಲೂ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಕೂತಲ್ಲೇ ಮಾರಾಟವಂತೆ! ನಾನೂ ಕೂತಿದ್ದೆ, ಗೋಕಾಕದ ಒಂದು ಇಂಟರ್ನೆಟ್ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಮಾರಾಟವೂ ಆಯಿತು. ಆದರೆ ಮಾರಿದ ಸಾಮಾನು ಮನೆಯಿಂದ ಹೊರಗೆ ಹೋಗಲಿಲ್ಲ, ಮನೆಯವರಿಗೂ ದಕ್ಕಲಿಲ್ಲ. ಬೇಸಿಗೆಯಲ್ಲಿ ಶುರುವಾದ ಈ ಫಜೀತಿ ದೀಪಾವಳಿ ಹತ್ತಿರ ಬರುವವರೆಗೂ ನನ್ನ ಜೀವ ತಿಂದಿತು.

ಮೂಡಲಗಿಯಲ್ಲಿ ಮೊಬೈಲ್ ಇದ್ದವರು ಅದನ್ನು ಎಲ್ಲರಿಗೂ ಕಾಣುವಂತೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಕಾಲ ಅದು. ನಾನು ಹುಕ್ಕೇರಿಯಲ್ಲಿ ಹುಟ್ಟಿದವಳು, ಮೂಡಲಗಿಯ ಜೈನರ ಮನೆಗೆ ಸೊಸೆಯಾಗಿ ಬಂದವಳು. ನಮ್ಮ ಮಾವನವರು ಬೆಲ್ಲದ ದಲಾಲಿ ಮಾಡಿದವರು. ವ್ಯಾಪಾರವನ್ನು ಮಗನ ಕೈಗೆ ಕೊಟ್ಟ ಮೇಲೆ ಅವರ ಹಗಲೆಲ್ಲ ಪಡಸಾಲೆಯ ನಡುವಿನ ತೂಗುಮಂಚದ ಮೇಲೆ ಕಳೆಯುತ್ತಿತ್ತು. ಅಗಲವಾದ ಸಾಗವಾನಿ ಹಲಗೆ, ತೊಲೆಯಿಂದ ಇಳಿದ ನಾಲ್ಕು ಹಿತ್ತಾಳೆ ಸರಪಳಿ, ಸರಪಳಿಯ ನಡುನಡುವೆ ಬೆರಳುದ್ದದ ಆನೆ, ನವಿಲು. ಅವರ ಅಜ್ಜನ ಕಾಲದ್ದು.

ಅವರ ಮೊಣಕಾಲು ಎರಡೂ ಹೋಗಿದ್ದವು. ನೆಲಕ್ಕೆ ಕೂತರೆ ಏಳಲಾರರು, ಕುರ್ಚಿಯಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತಿತ್ತು. ತೂಗುಮಂಚದ ಮೇಲೆ ಕೂತು ಪಾದದಿಂದ ನೆಲವನ್ನು ಸ್ವಲ್ಪ ಒತ್ತಿಬಿಟ್ಟರೆ ಮಾತ್ರ ನೋವು ತಾಳುವಂತಿರುತ್ತಿತ್ತು. ಮಧ್ಯಾಹ್ನ ಅದರ ಮೇಲೆಯೇ ಅಡ್ಡಾದರೆ ಗೊರಕೆ ಓಣಿಗೆಲ್ಲ ಕೇಳುತ್ತಿತ್ತು. ಗಾದಿ ಹಾಸಿ ಬೇರೆ ಕಡೆ ಮಲಗಿಸಿದರೆ ಅಂಥ ನಿದ್ದೆ ಬರುತ್ತಿರಲಿಲ್ಲ.

ಅಂಥದ್ದನ್ನು ಯಾಕೆ ಮಾರಿದಿರಿ ಎಂದು ನೀವು ಕೇಳುತ್ತೀರಿ. ಮಾರೋಣ ಎಂದವರು ಅವರೇ. ನಾನು ಓಣಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ಪಡಸಾಲೆಯಲ್ಲಿ ಮಷೀನು ಇಟ್ಟಿದ್ದೆ. ಮಾವನವರು ಒಂದು ಸಲ ಜೋರಾಗಿ ತೂಗಿಕೊಂಡಾಗ ಹಲಗೆಯ ತುದಿ ಒಬ್ಬ ಹುಡುಗಿಯ ಹಣೆಗೆ ಬಡಿದು ಗುಮ್ಮಟದಂಥ ಬಾವು ಬಂತು. ಅವತ್ತು ಸಂಜೆ ಅವರು ನನ್ನನ್ನು ಕರೆದು, “ತಂಗಿ, ಹುಡಿಗ್ಯಾರು ಒಂದ ವಿದ್ಯಾ ಕಲ್ಯಾಕ ಬರ್ತಾರ. ಅವರ ಹಣಿ ಒಡದು ನಾ ತೂಗಿಕೋತ ಕುಂದರೂದು ಛಲೋ ಅಲ್ಲ. ಇದನ್ನ ತಗದ ಬಿಡೂಣು” ಅಂದರು. ನಾನು ಎರಡು ಸಲ ಬ್ಯಾಡ್ರಿ ಅಂದೆ. ಮೂರನೆಯ ಸಲ ಸುಮ್ಮನಾದೆ. ಸುಳ್ಳು ಯಾಕೆ ಹೇಳಲಿ, ಪಡಸಾಲೆ ಖಾಲಿಯಾದರೆ ಇನ್ನೆರಡು ಮಷೀನು ಹಿಡಿಸುತ್ತಿದ್ದವು.

ನಮ್ಮ ಮನೆಯವರು ಹಳೇ ಸಾಮಾನು ಕೊಳ್ಳುವವನಿಗೆ ಹೇಳಿ ಕಳಿಸುತ್ತೇನೆ ಎಂದರು. ಮಾವನವರು ಕೆರಳಿದರು.

“ಮುಚ್ಚಿ ಮಾರೂದು ಬ್ಯಾಡ. ನಾಕ ಮಂದಿ ಕೂಡಿ ಸವಾಲ ಕೂಗಿ ತಗೋಬೇಕು. ಯಾರಿಗೆ ಅದರ ಮ್ಯಾಲ ಭಾಳ ಮನಸ ಐತಿ ಅವರಿಗೆ ಹೋಗಬೇಕು. ಇಲ್ಲಾಂದ್ರ ಅದು ಗುಜರಿ ಸಾಮಾನ ಆಗತೈತಿ.”

ಸವಾಲು, ಅಂದರೆ ಹರಾಜು, ಅವರಿಗೆ ಬರೀ ವ್ಯಾಪಾರವಲ್ಲ. ಬೆಲ್ಲದ ಪೇಟೆಯಲ್ಲಿ ವರ್ಷಗಟ್ಟಲೆ ಸವಾಲು ಕೂಗಿದ ಗಂಟಲು ಅದು. ಬಸದಿಯಲ್ಲಿಯೂ ಹಬ್ಬದ ದಿನ ಮೊದಲ ಕಳಶದ ಅಭಿಷೇಕ ಯಾರದು ಎಂಬುದನ್ನು ಸವಾಲಿನಿಂದಲೇ ತೀರ್ಮಾನಿಸುವ ಪದ್ಧತಿ ನಮ್ಮಲ್ಲಿದೆ. ಭಕ್ತಿಯ ಭರದಲ್ಲಿ ಯಾರೋ ತಮ್ಮ ಅಳವಿಗೆ ಮೀರಿ ಕೂಗಿಬಿಡುತ್ತಾರೆ, ಹೆಂಡತಿ ಹಿಂದಿನ ಸಾಲಿನಿಂದ ಕಣ್ಣು ಕೆಕ್ಕರಿಸುತ್ತಾಳೆ, ಮನೆಗೆ ಹೋಗುವ ದಾರಿಯುದ್ದಕ್ಕೂ ಮಹಾಭಾರತವಾಗುತ್ತದೆ. ಆದರೆ ‘ಮೂರ ಸಲ’ ಅಂದ ಮೇಲೆ ಒಲ್ಲೆ ಅಂದವರನ್ನು ನಾನು ಕಂಡಿಲ್ಲ, ನಮ್ಮ ಮಾವನವರಂತೂ ಕೇಳಿಯೇ ಇರಲಿಲ್ಲ.

ಈಗ ತೂಗುಮಂಚಕ್ಕೆ ಸವಾಲು ಕೂಗಲು ಮೂಡಲಗಿಯಲ್ಲಿ ನಾಲ್ಕು ಮಂದಿಯನ್ನು ಎಲ್ಲಿಂದ ತರುವುದು? ಆಗ ನನಗೆ ಈ ಬುದ್ಧಿ ಹೊಳೆಯಿತು. ಕಂಪ್ಯೂಟರ್‌ನಲ್ಲಿ ಸವಾಲು ನಡೆಯುತ್ತದೆ, ದೇಶದ ಮೂಲೆ ಮೂಲೆಯಿಂದ ಜನ ಕೂಗುತ್ತಾರೆ ಎಂದು ಪೇಪರಿನಲ್ಲಿ ಓದಿದ್ದೆ. ಓದಿ ಸುಮ್ಮನಿರಬಾರದಾಗಿತ್ತೇ?

ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ಮುಸ್ಲಿಂ ಗೃಹಸ್ಥರ ಎಸ್‌ಟಿಡಿ ಬೂತು ಇತ್ತು. ಅವರು ಅದನ್ನೇ ಹಿಗ್ಗಿಸಿ ನಾಲ್ಕು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಅಂಗಡಿ ಮಾಡಿದ್ದರು. ಬಹಳ ಸಂಭಾವಿತ ಮನುಷ್ಯ. ಸ್ಟುಡಿಯೋದಲ್ಲಿ ತೆಗೆಸಿದ ಫೋಟೋಗಳನ್ನು ಅವರೇ ಸ್ಕ್ಯಾನ್ ಮಾಡಿ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಏರಿಸಿದರು. ಮಾವನವರು ಅವರ ಬೆನ್ನ ಹಿಂದೆ ನಿಂತು ವಿಚಾರಣೆ ನಡೆಸಿದರು.

“ಇದರಾಗ ಸವಾಲ ಕೂಗಾವ ಯಾರ್ರಿ?”

“ಯಾರೂ ಕೂಗೂದಿಲ್ರಿ ಕಾಕಾ. ಕಂಪ್ಯೂಟರ್ ತಾನ ಬರಕೋತೈತಿ.”

“ಮತ್ತ ಮೂರ ಸಲ ಅನ್ನಾವ್ರು?”

“ಅನ್ನೂದಿಲ್ರಿ. ಟೈಮ್ ಮುಗೀತಂದ್ರ ಮುಗೀತು.”

ಮಾವನವರಿಗೆ ಸಮಾಧಾನವಾಗಲಿಲ್ಲ. “ಹಂಗಾದ್ರ ಮುಗಿಯೂ ದಿನಾ ನಾನ ಬರ್ತೇನಿ. ಯಾರರೇ ಅನ್ನಬೇಕಲ್ಲ.”

ಬಂದೇ ಬಂದರು. ಸವಾಲು ಮುಗಿಯುವ ಹೊತ್ತು ಸಂಜೆ ಬಿದ್ದಿತ್ತು. ಸೂರ್ಯ ಮುಳುಗಿದ ಮೇಲೆ ಅವರು ಏನೂ ತಿನ್ನುವುದಿಲ್ಲವಾದ್ದರಿಂದ ಬೇಗನೆ ಉಂಡು, ಇಸ್ತ್ರಿ ಮಾಡಿದ ಧೋತರ, ಕರಿ ಕೋಟು, ಬಿಳಿ ಟೊಪ್ಪಿಗೆ ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು. ಅಂಗಡಿಯ ಮಾಲೀಕರು ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಅಲ್ಲಿಯವರೆಗೆ ಮೂವರು ಪೈಪೋಟಿಯಲ್ಲಿದ್ದರು. ಕೊನೆಗೆ ಒಬ್ಬ ಬೆಂಗಳೂರಿನವನು, ಒಬ್ಬ ಪುಣೆಯವನು ಉಳಿದರು. ಬೆಂಗಳೂರಿನವನು ಏರಿಸಿದ ಕೂಡಲೇ ಪುಣೆಯವನು ಇನ್ನಷ್ಟು ಏರಿಸುತ್ತಿದ್ದ. “ಆಹಾ, ಗಂಡಸ ಅಂದ್ರ ಇಂವ ನೋಡ್ರಿ!” ಎಂದು ಮಾವನವರು ತೊಡೆ ತಟ್ಟಿಕೊಂಡರು. ಪುಣೆಯವನ ಅಂಕಿ ಮೇಲಿರುವಾಗ ಸಮಯ ಮುಗಿಯುತ್ತ ಬಂತು. ಅವರು ಕುರ್ಚಿಯ ಕೈ ಹಿಡಿದು ಎದ್ದು ನಿಂತು, ಬೆಲ್ಲದ ಪೇಟೆಯ ಹಳೆಯ ಗಂಟಲಿನಲ್ಲಿ, “ಒಂದ ಸಲ... ಎರಡ ಸಲ... ಮೂರ ಸಲ!” ಎಂದು ಕೂಗಿ ಮೇಜಿಗೆ ಅಂಗೈ ಬಡಿದರು. ಪಕ್ಕದ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಿದ್ದ ಕಾಲೇಜು ಹುಡುಗರು ಬೆಚ್ಚಿಬಿದ್ದರು. ಮಾವನವರು ಅವರಿಗೆಲ್ಲ ಕರದಂಟು ತರಿಸಿ ಹಂಚಿದರು. ಹೊತ್ತು ಮುಳುಗಿತ್ತು, ತಾವು ಮಾತ್ರ ಬಾಯಿಗೆ ಹಾಕಲಿಲ್ಲ.

ಮರುದಿನದಿಂದ ಅವರು ತೂಗುಮಂಚದ ಮೇಲೆ ಕೂರಲಿಲ್ಲ. ಅದು ತೂಗಾಡಿ ಸವೆಯಬಾರದೆಂದು ಹಗ್ಗದಿಂದ ಬಿಗಿದು ಕಂಬಕ್ಕೆ ಕಟ್ಟಿದರು. ಹಲಗೆಯ ಮೇಲೆ ಹಳೆಯ ಕೌದಿ ಹೊದಿಸಿದರು. ಮನೆಗೆ ಬಂದವರು ಅಭ್ಯಾಸಬಲದಿಂದ ಕೂರಲು ಹೋದರೆ, “ಅದು ಪುಣೆದಾವರದ್ರಿ, ಇಲ್ಲೆ ಬರ್ರಿ” ಎಂದು ಕುರ್ಚಿ ತೋರಿಸುತ್ತಿದ್ದರು. ಹೋಗಲಿ, ವಾರ ಎರಡು ವಾರದ ಮಾತು, ಲಾರಿಗೆ ಹಾಕಿ ಕಳಿಸಿದರೆ ಮುಗಿಯಿತು ಎಂದು ನಾನೂ ಸುಮ್ಮನಿದ್ದೆ.

ಪುಣೆಯವನ ಕಡೆಯಿಂದ ಸುದ್ದಿಯೇ ಇಲ್ಲ. ನಾನು ಬಸ್ಸು ಹತ್ತಿ ಗೋಕಾಕಕ್ಕೆ ಹೋಗಿ ಇ-ಮೇಲ್ ನೋಡುವುದು, ಖಾಲಿ ಕೈಯಲ್ಲಿ ಬರುವುದು. ನಾನೇ ಒಂದು ಬರೆದೆ, ಎರಡು ಬರೆದೆ. ಕೊನೆಗೊಂದು ದಿನ ಉತ್ತರ ಬಂತು, ಎರಡೇ ಸಾಲು. ಕ್ಷಮಿಸಿ, ಮನಸ್ಸು ಬದಲಾಯಿತು, ಬೇರೆ ಯಾರಿಗಾದರೂ ಕೊಟ್ಟುಬಿಡಿ. ಅಷ್ಟೇ! ಮನಸ್ಸಂತೆ, ಬದಲಾಯಿತಂತೆ! ಸೀರೆ ಅಂಗಡಿಯಲ್ಲಿ ಕೂಡ ಮಡಿಕೆ ಬಿಚ್ಚಿಸಿದ ಮೇಲೆ ಒಂದು ರವಿಕೆ ಕಣವಾದರೂ ತಗೊಂಡು ಬರುತ್ತೇವೆ.

ಬಸ್ಸಿನಲ್ಲಿ ಬರುವಾಗ ಸಿಟ್ಟು ಇಳಿದು ಸಮಾಧಾನವಾಯಿತು. ಹೋದರೆ ಹೋಗಲಿ ಪೀಡೆ, ಮಾವನವರು ಮತ್ತೆ ಅದರ ಮೇಲೆ ಮಲಗುತ್ತಾರೆ, ಮಷೀನು ಬೆಲ್ಲ ಇಡುತ್ತಿದ್ದ ಖೋಲಿಗೆ ಹಾಕಿಕೊಂಡರಾಯಿತು ಎಂದುಕೊಂಡೆ. ಮನೆಗೆ ಬಂದವಳೇ, “ಮಾವಾರ, ಹಗ್ಗಾ ಬಿಚ್ರಿ. ಅಂವಗ ಬ್ಯಾಡಂತ” ಅಂದೆ.

ಮಾವನವರು ಅಲುಗಲಿಲ್ಲ. “ಅಂವ ಬಾಯ್ಲೆ ಅಂದಾನೇನು?”

“ಬರದಾನ್ರಿ.”

“ಬರಿಯೂದು ಯಾರರೇ ಬರೀತಾರ. ಸವಾಲ ಬಾಯ್ಲೆ ಹಿಡಿಯೂದು, ಬಾಯ್ಲೆ ಬಿಡೂದು.”

“ಅಂವ ಹಿಡದದ್ದೂ ಬರದ ಅಲ್ಲೇನ್ರಿ?”

“ಅಂವ ಬರದಾನು. ಆದ್ರ ಮೂರ ಸಲ ಅಂದಾವ ನಾನು. ನನ್ನ ಬಾಯ್ಲೆ ಹೋಗೇತಿ ಅದು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಈಗ ಅದು ಅವಂದು. ಅಂವ ‘ಬಿಟ್ಟೆ’ ಅಂತ ನನ್ನ ಮುಂದ ಅನ್ನೂತನಕ ನಾ ಅದರ ಮ್ಯಾಲ ಕುಂತ್ರ ಮಂದಿ ಸಾಮಾನ ಬಳಸಿಧಂಗ ಆಕ್ಕೈತಿ. ಅದು ಕಳವು.”

ಏನು ಹೇಳುವುದು ಇವರಿಗೆ? ಎತ್ತು ಏರಿಗೆ, ಕೋಣ ನೀರಿಗೆ ಅಂದಹಾಗೆ ಕೊಂಡವನು ತನ್ನದಲ್ಲ ಅಂತಾನೆ, ಮಾರಿದವರು ತಮ್ಮದಲ್ಲ ಅಂತಾರೆ. ನಡುವೆ ಹೊಲಿಗೆ ಹುಡುಗಿಯರು ಕಟ್ಟಿಹಾಕಿದ ಹಲಗೆಯನ್ನು ಬಳಸಿಕೊಂಡು, ಸೊಂಟ ಹೊರಳಿಸಿಕೊಂಡು ಓಡಾಡುತ್ತಿದ್ದರು. ಪಡಸಾಲೆಯೂ ಸಿಗಲಿಲ್ಲ, ತೂಗುಮಂಚವೂ ಸಿಗಲಿಲ್ಲ.

ಆ ಜಾಲತಾಣದವರಿಗೆ ಬರೆದೆ. ಅವರು ಪುಣೆಯವನ ಹೆಸರಿನ ಮುಂದೆ ಕರಿ ಚುಕ್ಕೆ ಇಡುವುದಾಗಿಯೂ, ನಾವು ಬೇಕಿದ್ದರೆ ಅದೇ ಬೆಲೆಯ ಹತ್ತಿರ ಬಂದಿದ್ದ ಎರಡನೆಯವನಿಗೆ ಕೊಡಬಹುದೆಂದೂ ತಿಳಿಸಿದರು. ಮಾವನವರು ಇದನ್ನು ಕೇಳಿ ಹೌಹಾರಿದರು. “ಸೋತಾವಗ ಕೊಡೂದಾ? ಹಂಗಾರ ಗೆದ್ದಾವ ಗೆದ್ದ ಏನ ಮಾಡಿಧಂಗಾತು?”

ಅದೂ ಹೋಗಲಿ. ಹುಕ್ಕೇರಿಯಲ್ಲಿ ನಮ್ಮ ತವರುಮನೆಯ ಎದುರಿಗಿರುವ ಡಾಕ್ಟರು ಹೊಸ ಮನೆ ಕಟ್ಟಿಸಿದ್ದರು. ನನ್ನ ತಮ್ಮನಿಂದ ವಿಷಯ ತಿಳಿದು, ಟೆಂಪೋ ಸಮೇತ ನಮ್ಮ ಬಾಗಿಲಿಗೆ ಬಂದುಬಿಟ್ಟರು. ಮಾವನವರು ಅವರಿಗೆ ಚಹಾ ಕೊಟ್ಟರು, ಚುರುಮುರಿ ಕೊಟ್ಟರು, ತೂಗುಮಂಚದ ಕೌದಿ ಸರಿಸಿ ಆನೆ, ನವಿಲು ಎಲ್ಲ ತೋರಿಸಿದರು. ಡಾಕ್ಟರು ಮನಸ್ಸು ಸೋತು, “ಪುಣೆದಾವ ಎಷ್ಟ ಅಂದಿದ್ದ, ಅದಕ್ಕೂ ಮ್ಯಾಲ ಕೊಡತೇನ್ರಿ” ಅಂದರು.

“ಮಾರಿದ್ದನ್ನ ಮತ್ತ ಮಾರೂ ರೂಢಿ ನಮ್ಮ ಮನಿತನದಾಗ ಇಲ್ರಿ ಡಾಕ್ಟರ.”

“ಮತ್ತ ನನಗ ಯಾಕ ತೋರ್ಸಿದ್ರಿ?”

“ನೋಡಾಕ ಬಂದಾವರಿಗೆ ಇಲ್ಲ ಅನ್ನಬಾರದಲ್ರಿ.”

ಡಾಕ್ಟರು ಖಾಲಿ ಟೆಂಪೋ ತೆಗೆದುಕೊಂಡು ವಾಪಸು ಹೋದರು. ಮುಂದಿನ ಸಲ ತವರಿಗೆ ಹೋದಾಗ ಅವರು ನನ್ನನ್ನು ನೋಡಿ ಬಾಗಿಲು ಹಾಕಿಕೊಂಡರು. ಎದುರು ಮನೆಯ ಸ್ನೇಹವೂ ಹೋಯಿತು. ನನ್ನ ತಲೆ ಕೆಟ್ಟು ಕೆರ ಹಿಡಿದುಹೋಗಿತ್ತು.

ಇಷ್ಟೇ ಆಗಿದ್ದರೆ ನಾನು ಕೈಬಿಡುತ್ತಿದ್ದೆನೇನೋ. ಆದರೆ ಮಾವನವರ ಸ್ಥಿತಿ ನೋಡಲು ಆಗುತ್ತಿರಲಿಲ್ಲ. ನಮ್ಮ ಮನೆಯವರು ಬೆಳಗಾವಿಯಿಂದ ಬೆತ್ತದ ಆರಾಮ ಕುರ್ಚಿ ತಂದರು. ಅದರಲ್ಲಿ ಒರಗಿದರೆ ಅವರಿಗೆ ಏಳಲು ಇಬ್ಬರ ಆಸರೆ ಬೇಕಾಗುತ್ತಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವರು ಹೊರಗಿನ ಕಟ್ಟೆಯ ಮೇಲೆ ಕೂತು ತೂಕಡಿಸುತ್ತಿದ್ದರು, ತಲೆ ವಾಲಿದ ಕೂಡಲೇ ಬೆಚ್ಚಿ ಏಳುತ್ತಿದ್ದರು. ಮಳೆಗಾಲ ಬಂದು ಮೊಣಕಾಲು ಕುಂಬಳಕಾಯಿಯಂತೆ ಬಾತವು. ಅತ್ತೆಯವರು ಬಿಸಿ ಎಣ್ಣೆ ತಿಕ್ಕುತ್ತ, “ನಿಮ್ಮ ಬಾಯಿ ನಿಮ್ಮ ಕಾಲ ಕಟ್ಟಿ ಹಾಕೇತಿ ನೋಡ್ರಿ” ಎಂದು ಬೈಯುತ್ತಿದ್ದರು. ಅವರು ನಗುತ್ತಿದ್ದರು.

ಮತ್ತೆ ಆ ಕಾಲೆಳೆದುಕೊಂಡೇ ಅವರು ವಾರಕ್ಕೊಮ್ಮೆ ಹುಣಸೆಹಣ್ಣು, ಬೂದಿ ಹಚ್ಚಿ ಆ ಸರಪಳಿ ತಿಕ್ಕುತ್ತಿದ್ದರಲ್ಲ, ಅದನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. “ಯಾರ ಸಲುವಾಗಿ ತಿಕ್ಕತೀರಿ ಮಾವಾರ? ಅಂವ ಬರಾವಲ್ಲ!” ಅಂದರೆ, “ಬಂದಾಗ ಕರ್ರಗ ಇದ್ರ ಏನ ಅಂದಾನು? ಅವರ ಮನ್ಯಾಗ ಸಣ್ಣ ಹುಡುಗ್ರು ಅದಾರೇನ ತಂಗಿ? ನವಿಲಿನ ಚುಂಚ ಭಾಳ ಚೂಪ ಐತಿ, ಹೇಳಬೇಕು ಅವಗ” ಅನ್ನುತ್ತಿದ್ದರು.

ಇನ್ನು ಉಳಿದದ್ದು ಒಂದೇ ದಾರಿ, ಆ ಮನುಷ್ಯನ ಬಾಯಿಯಿಂದಲೇ ‘ಬಿಟ್ಟೆ’ ಅನ್ನಿಸುವುದು. ಸವಾಲು ಗೆದ್ದಾಗ ಅವನ ಫೋನ್ ನಂಬರ್ ನಮಗೆ ಬಂದಿತ್ತು. ಮನೆಯಿಂದ ಮಾಡಿದೆ, ಗೋಕಾಕದಿಂದ ಮಾಡಿದೆ. ಒಂದು ಸಲ ಸ್ನಾನಕ್ಕೆ ಹೋಗಿದ್ದಾರೆ, ಇನ್ನೊಂದು ಸಲ ಮುಂಬೈಗೆ ಹೋಗಿದ್ದಾರೆ, ಮತ್ತೊಂದು ಸಲ ಯಾರೂ ಎತ್ತುವುದೇ ಇಲ್ಲ. ಸಾಲ ವಸೂಲಿಗೆ ಬಂದವಳಂತೆ ನನ್ನನ್ನು ಕಂಡರು. ಹಣ ಬೇಡವಪ್ಪ, ಒಂದು ಮಾತು ಕೊಡು ಎಂದು ಕೇಳಲು ನಾನು ಇಷ್ಟು ಅಲೆಯಬೇಕೇ?

ಒಂದು ದಿನ ಅವನೇ ಸಿಕ್ಕಿಬಿದ್ದ. ಹುಕ್ಕೇರಿಯವಳಾದ್ದರಿಂದ ನನಗೆ ಮರಾಠಿ ಬರುತ್ತದೆ. ಮರಾಠಿಯಲ್ಲಿಯೇ ಕೇಳಿದೆ, ಬೇಡದಿದ್ದ ಮೇಲೆ ಯಾಕಪ್ಪ ಏರಿಸುತ್ತ ಹೋದೆ? ಅವನು ಸಣ್ಣಗೆ ನಕ್ಕ. “ಸಿಟ್ಟಾಗಬೇಡಿ ತಾಯಿ. ಆಫೀಸಿನಲ್ಲಿ ಕೆಲಸವಿರಲಿಲ್ಲ, ಸುಮ್ಮನೆ ಟೈಮ್‌ಪಾಸ್‌ಗೆ ಹಾಕುತ್ತಿದ್ದೆ. ಆ ಇನ್ನೊಬ್ಬ ಬಿಡಲೇ ಇಲ್ಲ, ನಾನೂ ಬಿಡಲಿಲ್ಲ.”

ಟೈಮ್‌ಪಾಸ್! ಆದರೂ ಹಲ್ಲು ಕಚ್ಚಿಕೊಂಡು, ನಮ್ಮ ಮಾವನವರ ಪದ್ಧತಿ ಇಂಥದ್ದು, ಅವರಿಗೊಂದು ಸಲ ನೀವೇ ‘ನನಗೆ ಬೇಡ, ಬಿಟ್ಟೆ’ ಎಂದರೆ ಸಾಕು ಎಂದು ಬಿಡಿಸಿ ಹೇಳಿದೆ. “ಅದಕ್ಕೇನಂತೆ, ಕೊಡಿ” ಅಂದ. ನಾನು ಮಾವನವರನ್ನು ಕರೆದು ರಿಸೀವರ್ ಕೊಟ್ಟು ಪಕ್ಕದಲ್ಲಿ ನಿಂತೆ.

ಮಾವನವರು ನನಗಿಂತ ಚೆಂದ ಮರಾಠಿ ಮಾತಾಡುತ್ತಾರೆ. ಮೊದಲು ಅವನ ಆರೋಗ್ಯ ಕೇಳಿದರು. ಪುಣೆಯಲ್ಲಿ ಮಳೆ ಹೇಗೆ ಅಂದರು. ತೂಗುಮಂಚದ ಚಿಂತೆ ಮಾಡಬೇಡಿ, ಜತನವಾಗಿದೆ, ಹಗ್ಗ ಹಾಕಿ ಕಟ್ಟಿಟ್ಟಿದ್ದೇನೆ, ಒಂದು ಗೆರೆ ಬಿದ್ದಿಲ್ಲ ಎಂದು ಭರವಸೆ ಕೊಟ್ಟರು. ನಂತರ ಅವನು ಏನೋ ಹೇಳಿದ. ಇವರ ಮುಖ ಅರಳಿತು. “ಬರ್ರಿ, ಬರ್ರಿ, ಸಾವಕಾಶ ಬರ್ರಿ” ಎಂದು ಎರಡೂ ಭಾಷೆಯಲ್ಲಿ ಹೇಳಿ ಫೋನು ಇಟ್ಟರು.

“ಬರ್ತಾನಂತ! ಗಣಪತಿ ಹಬ್ಬ ಮುಗದ ಮ್ಯಾಲ ತಾನ ಟೆಂಪೋ ತಗೊಂಡ ಬರ್ತಾನಂತ. ಭಾಳ ಛಲೋ ಮನಶ್ಯಾ. ನೀ ಸುಮ್ಮ ಸುಮ್ಮನ ಅವನ್ನ ಬೈತಿದ್ದಿ.”

ನನ್ನ ಕಿವಿಯಲ್ಲಿ ಟೈಮ್‌ಪಾಸ್ ಎಂದ ನಾಲಿಗೆ, ಇವರ ಕಿವಿಯಲ್ಲಿ ಬರುತ್ತೇನೆ ಎಂದಿದೆ! ಅವನು ಬರುವುದಿಲ್ಲವೆಂದು ನಾನು ಎಷ್ಟು ಹೇಳಿದರೂ ಮಾವನವರು ನಂಬಲಿಲ್ಲ. ಅವನು ಬಾಯಿಯಿಂದಲೇ ಹೇಳಿದ್ದಾನಲ್ಲ, ಮತ್ತೇನು ಬೇಕು?

ಆಮೇಲಿನ ಕಥೆ ಕೇಳಬೇಡಿ. ಗಣಪತಿ ಕೂತ, ಎದ್ದ, ನೀರಿಗೆ ಹೋದ. ಪುಣೆಯಿಂದ ದೂರದ ದಾರಿ, ಬಂದವರು ಒಂದು ರಾತ್ರಿ ಉಳಿಯಬೇಕಾದೀತು ಎಂದು ಮಾವನವರು ಹೊಸ ಚಾದರ ತರಿಸಿದರು. ಅತ್ತೆಯವರ ಕೈಯಲ್ಲಿ ಶೇಂಗಾ ಹೋಳಿಗೆ ಮಾಡಿಸಿ ಡಬ್ಬಿಯಲ್ಲಿ ಇಡಿಸಿದರು. ಅದನ್ನು ಹೊಲಿಗೆ ಹುಡುಗಿಯರು ತಿಂದು ಮುಗಿಸಿದ ಮೇಲೆ ಮತ್ತೊಮ್ಮೆ ಮಾಡಿಸಿದರು. ಓಣಿಯಲ್ಲಿ ಟೆಂಪೋ ಸದ್ದಾದರೆ ಕಟ್ಟೆಯಿಂದ ಏಳಲು ಒದ್ದಾಡುತ್ತಿದ್ದರು. ದಸರೆಯೂ ಮುಗಿಯಿತು. ಅತ್ತೆಯವರು ಈಗ ಬೈಯುವುದನ್ನೂ ಬಿಟ್ಟಿದ್ದರು. ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು.

ನಾನು ಗೋಕಾಕಕ್ಕೆ ಹೋಗಿ, ಇಂಟರ್ನೆಟ್ ಅಂಗಡಿಯ ಬೂತಿನಿಂದ ಫೋನು ಮಾಡಿದೆ. ಮನೆಯಿಂದ ಮಾಡಿದರೆ ಮಾವನವರಿಗೆ ಕೇಳುತ್ತಿತ್ತು. ಈ ಸಲ ಅವನೇ ಎತ್ತಿದ. ಯಾಕೆ ಹಾಗೆ ಹೇಳಿದೆ ಅಂದೆ. ಅವನು ತಡವರಿಸಿದ. “ಅಜ್ಜ ಅಷ್ಟು ಪ್ರೀತಿಯಿಂದ ಮಾತಾಡಿದರು. ಹಗ್ಗ ಕಟ್ಟಿ ಜತನ ಮಾಡಿಟ್ಟಿದ್ದೇನೆ ಅಂದರು. ಬೇಡ ಅನ್ನಲು ನಾಲಿಗೆ ಏಳಲಿಲ್ಲ. ಪಾಪ, ಅವರಿಗೆ ಕೆಟ್ಟದನಿಸುತ್ತದೆ ಅಂತ...”

ನನ್ನೊಳಗೆ ಇಷ್ಟು ದಿನ ಕಟ್ಟಿಕೊಂಡಿದ್ದೆಲ್ಲ ಒಡೆಯಿತು. ಮರಾಠಿ ಎಲ್ಲಿ ಹೋಯಿತೋ, ಅಪ್ಪಟ ಹುಕ್ಕೇರಿಯ ಕನ್ನಡ ಬಾಯಿಗೆ ಬಂತು. “ಏನ್ ಪಾಪ, ಯಾರ ಪಾಪ? ನಿಮ್ಮ ಪಾಪದಾಗ ಮಣ್ಣ ಬೀಳ್ಲಿ! ನೀವು ಛಲೋ ಮನಶ್ಯಾ ಅನಿಸಿಕೋಬೇಕಂತ ಒಂದ ಸುಳ್ಳ ಹೇಳಿ ಆರಾಮ ಕುಂತೀರಿ. ಇಲ್ಲೆ ಆ ಹಿರೇ ಜೀವ ಕಾಲ ಬಾತಕೊಂಡು ಬಾಗಿಲಾ ಕಾಯಾಕತ್ತೈತಿ. ಗಂಡಸರಾಗಿ ಒಂದ ಬ್ಯಾಡ ಅನ್ನಾಕ ಬರೂದಿಲ್ಲ ನಿಮಗ?” ಅಂಗಡಿಯ ಮಾಲೀಕರು ಗಾಬರಿಯಾಗಿ ಬಂದು ಬೂತಿನ ಬಾಗಿಲು ಮುಚ್ಚಿ ಹೋದರು. ಆ ಕಡೆ ಅವನಿಗೆ ಒಂದಕ್ಷರ ತಿಳಿಯದಿದ್ದರೂ ತಾತ್ಪರ್ಯ ತಿಳಿದಿರಬೇಕು. ನಾನು ಉಸಿರು ತಗೊಂಡು ಮತ್ತೆ ಮರಾಠಿಗೆ ಬಂದು, “ನಾಳೆ ಮುಂಜಾನೆ ನಮ್ಮ ಮನೆಗೆ ಫೋನು ಮಾಡಿ. ಬೇಡ, ಬಿಟ್ಟೆ ಅನ್ನಿ. ಅದರ ಮೇಲೆ ಒಂದು ಮಾತು ಕೂಡಿಸಬೇಡಿ” ಅಂದೆ.

ಮರುದಿನ ಮುಂಜಾನೆ ಫೋನು ಬಂತು. ನಾನು ಮುದ್ದಾಮ್ ಎತ್ತಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಮಾವನವರು ಎತ್ತಿ, “ಹೂಂ” ಅಂದರು. ಸ್ವಲ್ಪ ತಡೆದು ಮತ್ತೊಂದು “ಹೂಂ.” ಆಮೇಲೆ “ಆತು” ಎಂದು, ಆ ಕಡೆಯವನು ಇಟ್ಟ ಮೇಲೂ ಒಂದು ಕ್ಷಣ ಹಿಡಿದುಕೊಂಡಿದ್ದು, ರಿಸೀವರ್ ಇಟ್ಟರು.

ಗೆದ್ದೆ! ನಾನು ಕುಣಿಯುವುದೊಂದು ಬಾಕಿ. ಸೆರಗು ಸಿಕ್ಕಿಸಿಕೊಂಡು ಓಡಿ ಹೋಗಿ ಹಗ್ಗದ ಗಂಟಿಗೆ ಕೈ ಹಾಕಿದೆ. ತಿಂಗಳುಗಟ್ಟಲೆ ಬಿಗಿದಿದ್ದ ಗಂಟು, ಬಿಚ್ಚಲಿಲ್ಲ. ಹೊಲಿಗೆ ಕತ್ತರಿ ತಂದು ಕಚಕ್ಕನೆ ಕತ್ತರಿಸಿದೆ. ಕೌದಿ ಎಳೆದು ಒಗೆದೆ. “ಬರ್ರಿ ಮಾವಾರ. ಅಂವ ಬಾಯ್ಲೆ ಬಿಟ್ಟ. ಈಗ ನಿಮ್ಮದು. ಕುಂದರ್ರಿ.”

ಅವರು ನಿಧಾನವಾಗಿ ಬಂದರು. ಸರಪಳಿ ಹಿಡಿದು ಕೂತರು. ಎರಡೂ ಪಾದ ನೆಲಕ್ಕೆ ಊರಿದ್ದವು, ತೂಗಲಿಲ್ಲ. ತಾವೇ ತಿಕ್ಕಿ ತಿಕ್ಕಿ ಹೊಳಪು ತಂದ ಹಿತ್ತಾಳೆಯ ಮೇಲೆ ಬೆರಳಾಡಿಸುತ್ತ ಕೂತುಬಿಟ್ಟರು. ಅವರ ಮುಖ ನೋಡಿದ ಮೇಲೆ ನನ್ನ ಕುಣಿತ ಎಲ್ಲಿ ಹೋಯಿತೋ ತಿಳಿಯದು. ಇಷ್ಟು ದಿನ ಕಾಲು ನೋಯುತ್ತಿತ್ತು, ನಿದ್ದೆ ಇರಲಿಲ್ಲ, ಎಲ್ಲ ಖರೆ. ಆದರೆ ತಮ್ಮ ಅಜ್ಜನ ತೂಗುಮಂಚ ಯಾರಿಗೋ ಬೇಕಾಗಿದೆ ಎಂಬ ಹಿಗ್ಗಿನಲ್ಲಿ ಅವರು ಇದ್ದರು. ಆ ಹಿಗ್ಗನ್ನೂ ನಾನು ಹಗ್ಗದ ಜೊತೆ ಕತ್ತರಿಸಿ ಹಾಕಿದ್ದೆ.

“ಅಂವಗ ಬ್ಯಾಡಂತ, ತಂಗಿ” ಅಂದರು, ನನಗೆ ಗೊತ್ತೇ ಇಲ್ಲವೇನೋ ಎಂಬಂತೆ. “ಅಷ್ಟ ಹುರುಪಿಲೆ ಏರ್ಸಿದ್ನಲ್ಲ. ಆ ಬೆಂಗಳೂರಾವಗ ಬಿಟ್ಟ ಕೊಡಲಿಲ್ಲ. ಯಾಕ ಬ್ಯಾಡಾತಂತ?”

ಟೈಮ್‌ಪಾಸ್‌ಗೆ ಹಾಕಿದ್ದನಂತೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳುವ ಹಕ್ಕೂ ನನಗಿತ್ತು. ಅವನಿಗಾಗಿ ನಾನು ಪಟ್ಟ ಪಾಡು ಕಡಿಮೆಯೇ?

“ಅವರ ಮನಿ ಛತ್ತ ಭಾಳ ಗಿಡ್ಡಂತ್ರಿ ಮಾವಾರ” ಅಂದೆ. “ಇಷ್ಟ ಉದ್ದ ಸರಪಳಿ ಇಳಿ ಬಿಡಾಕ ಬರೂದಿಲ್ಲಂತ. ಇಂಜಿನಿಯರ್‌ನ ಕರಸಿ ತೋರ್ಸಿದ್ರಂತ, ಆಂವ ಒಪ್ಪಲಿಲ್ಲಂತ.” ಅಷ್ಟಕ್ಕೇ ಬಿಟ್ಟೆನೇ? ಶುರು ಹಚ್ಚಿದ ಮೇಲೆ ನಿಲ್ಲುವುದು ನನ್ನ ಜಾಯಮಾನವಲ್ಲ. “ಅವರ ಹೆಂಡ್ತಿ ಅತ್ತ ಕರದ ಮಾಡಿದ್ಲಂತ. ಊಟಾನೂ ಬಿಟ್ಟಿದ್ಲಂತ್ರಿ.”

ಮಾವನವರು ತಲೆ ಎತ್ತಿ ತೊಲೆಯನ್ನು ನೋಡಿದರು, ಅಲ್ಲಿಂದ ಹಲಗೆಯವರೆಗೆ ಕಣ್ಣಲ್ಲೇ ಅಳೆದರು.

“ಹೌದಲಾ! ಮೊದಲ ಛತ್ತಿನ ಅಳತಿ ಕೇಳಬೇಕಾಗಿತ್ತು ನಾವು. ನಮ್ಮದ ತಪ್ಪು. ಪಾಪ, ಆ ಹೆಣ್ಣಮಗಳಿಗೆ ಅಷ್ಟ ಮನಸ ಇತ್ತೇನು?”

“ಇತ್ರಿ” ಅಂದೆ.

ಅವರು ಪಾದದಿಂದ ನೆಲವನ್ನು ಒತ್ತಿ ಬಿಟ್ಟರು. ಕೊಂಡಿ ಕಿರ್ರೆಂದಿತು. ಒಂದು ಸಲ, ಇನ್ನೊಂದು ಸಲ. ಅತ್ತೆಯವರು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಹುಡುಗಿಯರು ಬರುವ ಹೊತ್ತಿಗೆ ಮಾವನವರು ಅಡ್ಡಾಗಿ ಗೊರಕೆ ಹೊಡೆಯುತ್ತಿದ್ದರು. ನಾನು ಒಂದೊಂದೇ ಮಷೀನನ್ನು ಸದ್ದಾಗದಂತೆ ಬೆಲ್ಲದ ಖೋಲಿಗೆ ಎಳೆದೆ. ಆ ಪುಣೆಯವನ ಮೇಲಿನ ಸಿಟ್ಟು ಅವತ್ತು ಅರ್ಧ ಇಳಿಯಿತು. ಇನ್ನರ್ಧ ಇವತ್ತಿಗೂ ಇದೆ.